ನನ್ನ ಕತ್ತು, ಅವರ ಹರಕೆ

ಕರೆಂಟ್ ಹೋಯಿತು ಅಂದುಕೊಂಡೆ.

ಲೇತ್ ಮಾತ್ರ ತಿರುಗುತ್ತಲೇ ಇತ್ತು. ಬೆಲ್ಟಿನ ಸದ್ದು ಕಿವಿಗೆ ಬೀಳುತ್ತಿತ್ತು. ಕರೆಂಟ್ ಇಲ್ಲದಿದ್ದರೆ ಮೋಟಾರು ಹೇಗೆ ಓಡೀತು? ಎಡಗಣ್ಣು ಮುಚ್ಚಿ ನೋಡಿದೆ, ಎಲ್ಲ ಕಾಣಿಸಿತು. ಬಲಗಣ್ಣು ಮುಚ್ಚಿ ನೋಡಿದೆ, ಏನೂ ಇಲ್ಲ. ಅಂಗಡಿಯವನು ಷಟರ್ ಎಳೆದ ಹಾಗೆ ಎಡಗಣ್ಣಿನ ಮೇಲೆ ಮೇಲಿನಿಂದ ಕೆಳಗೆ ಕತ್ತಲೆ ಇಳಿದಿತ್ತು. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆಮೇಲೆ ಷಟರ್ ತಾನಾಗಿಯೇ ಮೇಲೆ ಹೋಯಿತು. ಅರ್ಧ ಆಗಿದ್ದ ಗಿಲಕಿಯನ್ನು ಮುಗಿಸಿ ಎದ್ದೆ.

ನಮ್ಮದು ಚನ್ನಪಟ್ಟಣ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಲೇತ್ ಹಾಕಿಕೊಂಡು ಮರದ ಆಟದ ಸಾಮಾನು ಕಡೆಯುವುದು ನನ್ನ ಕೆಲಸ. ಪಕ್ಕದ ಬೀದಿಯ ಸಾಬರ ಕಾರ್ಖಾನೆಯಲ್ಲಿ ಕಲಿತದ್ದು. ನನ್ನ ಗಂಡ ಪುಟ್ಟಸ್ವಾಮಿಗೆ ಲಗೇಜ್ ಆಟೋ ಇದೆ. ಮಗಳು ಪವಿತ್ರ ಮದುವೆಯಾಗಿ ರಾಮನಗರದಲ್ಲಿದ್ದಾಳೆ, ಬ್ಯಾಂಕಿನಲ್ಲಿ ಕೆಲಸ. ನಾನು ಬಾಯಿ ಜೋರಿನ ಹೆಂಗಸು ಎಂದು ಬೀದಿಯಲ್ಲಿ ಹೆಸರಿದೆ. ಸುಳ್ಳಲ್ಲ. ನಂಜಮ್ಮನ ಹತ್ತಿರ ಮಾತಿಗೆ ಹೋದರೆ ಊಟದ ಹೊತ್ತು ಮೀರುತ್ತದೆ ಎಂದು ನನ್ನೆದುರೇ ತಮಾಷೆ ಮಾಡುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ. ನನಗೆ ಎರಡೂ ಗೊತ್ತಿತ್ತು, ಆದರೂ ಜಗಳವೂ ರೋಗವೂ ಬಂದು ಸುತ್ತಿಕೊಂಡವು.

ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ಅವರು ದೀಪ ಹಾಕಿ ನೋಡಿದರು. "ವಯಸ್ಸಾಯ್ತಲ್ಲಮ್ಮ, ಅರಗಿನ ಹೊಗೆ ಬೇರೆ" ಎಂದು ಡ್ರಾಪ್ಸ್ ಬರೆದುಕೊಟ್ಟರು. ಕತ್ತಲೆ ಬಂದು ಹೋಯಿತು ಎಂದು ನಾನು ಎರಡು ಸಲ ಹೇಳಿದೆ. ಎರಡನೇ ಸಲ ಹೇಳುವಾಗ ಅವರು ಮುಂದಿನವರನ್ನು ಕರೆಯುತ್ತಿದ್ದರು. ಡ್ರಾಪ್ಸ್ ತಪ್ಪದೆ ಹಾಕಿಕೊಂಡೆ. ಏನೂ ತಪ್ಪು ಮಾಡದ ಕಣ್ಣಿಗೆ ಔಷಧಿ ಬೀಳುತ್ತಿತ್ತು. ತಪ್ಪು ಮಾಡುತ್ತಿದ್ದ ಕತ್ತು ತನ್ನ ಪಾಡಿಗೆ ತಾನಿತ್ತು.

ಆಮೇಲೆ ಕೈಗೆ ಬಂತು.

ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಹಾಗೆ ಕೆಂಪು ಹಚ್ಚುತ್ತಿದ್ದೆ. ಬಲಗೈಯಿಂದ ಕಡ್ಡಿ ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಬರಲಿಲ್ಲ. ಕೈ ತೊಡೆಯ ಮೇಲೆ ಬಿದ್ದಿತ್ತು, ಯಾರೋ ಅಲ್ಲಿ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಗಂಡನನ್ನು ಕೂಗಿದೆ. ಬಾಯಿಂದ ಬಂದದ್ದು ಮಾತಲ್ಲ, ಎಂಥದೋ ತೊದಲು. ಅವರು ಬಂದು ನಿಂತು ನಕ್ಕರು, ನಾನು ಯಾರನ್ನೋ ಅಣಕಿಸುತ್ತಿದ್ದೇನೆ ಎಂದುಕೊಂಡು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. ಅವರು ನೀರು ತರುವಷ್ಟರಲ್ಲಿ ಕೈ ಬಂತು, ಮಾತೂ ಬಂತು. "ಏನಾತಮ್ಮಿ?" ಎಂದರು. ಏನಾಯಿತು ಎಂದು ನನಗೆ ಗೊತ್ತಿದ್ದರೆ ತಾನೆ ಹೇಳುವುದು.

ಮಾರನೇ ದಿನ ರಾಮನಗರದಲ್ಲಿ ಪವಿತ್ರ ತನಗೆ ಗೊತ್ತಿದ್ದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಅವರು ಎದೆಗೆ ಇಟ್ಟ ಸ್ಟೆತಸ್ಕೋಪನ್ನು ನಿಧಾನವಾಗಿ ಕತ್ತಿನ ಎಡಗಡೆಗೆ ತಂದರು. ಉಸಿರು ಹಿಡಿಯಲು ಹೇಳಿದರು. ಅವರೂ ಉಸಿರು ಹಿಡಿದ ಹಾಗೆ ಕಂಡಿತು. "ಇಲ್ಲಿ ಸದ್ದು ಬರ್ತಿದೆ. ಬರಬಾರದು" ಎಂದರು. ಕತ್ತಿಗೆ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ದೊಡ್ಡ ಆಸ್ಪತ್ರೆ, ಸಿ.ಟಿ. ಆಂಜಿಯೋಗ್ರಾಮ್, ಕಾಯುವುದು, ಕರೆಯುವುದು, ಮತ್ತೆ ಕಾಯುವುದು.

ಕೊನೆಗೆ ಡಾಕ್ಟರ್ ಕರೆದರು. ನನ್ನನ್ನಲ್ಲ. ನನ್ನ ಗಂಡನನ್ನೂ ನನ್ನ ಅಣ್ಣನನ್ನೂ.

ಅಣ್ಣ ಶಿವಲಿಂಗಯ್ಯ ದೊಡ್ಡಆಲಹಳ್ಳಿಯವನು. ಕನಕಪುರದ ಕಡೆಯ ನಮ್ಮ ತವರು ಅದು. ನನಗಿಂತ ಹಿರಿಯ, ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತವನು. ಸುದ್ದಿ ಕೇಳಿ ನೇರ ಆಸ್ಪತ್ರೆಗೇ ಬಂದಿದ್ದ. ನಾನೂ ಎದ್ದೆ. ನರ್ಸ್ ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವು ಇಲ್ಲೇ ಕೂತಿರಿ ಅಮ್ಮಾ" ಎಂದಳು. ಬಾಗಿಲು ಹಾಕಿಕೊಂಡಿತು. ಕತ್ತು ಹೊರಗೆ ಬೆಂಚಿನ ಮೇಲೆ, ಕತ್ತಿನ ವಿಚಾರ ಒಳಗೆ.

ಹೊರಗೆ ಬಂದವರ ಮುಖ ಬೆವರಿತ್ತು.

"ಏನಂದ್ರು?"

"ಏನಿಲ್ಲ, ನರ ಒಸಿ ವೀಕಾಗೈತಂತೆ" ಎಂದರು ನನ್ನ ಗಂಡ.

"ಮಾತ್ರೆ ಕೊಟ್ಟವ್ರೆ ಕಣವ್ವ. ಆಮ್ಯಾಕೆ ಒಂದು ಸಣ್ಣ ಪೈಪು ಹಾಕ್ತಾರಂತೆ" ಎಂದ ಅಣ್ಣ.

ಸಣ್ಣ ಪೈಪಂತೆ. ಶೆಡ್ಡಿಗೆ ನೀರಿನ ಲೈನ್ ಎಳೆಸುವವರ ಹಾಗೆ ಹೇಳಿದ. ನನಗೆ ಅಲ್ಲೇ ಮೈ ಉರಿಯಿತು. ಸೀರೆ ತರುವಾಗ ಬಣ್ಣ ಕೇಳುತ್ತಾರೆ, ಸಾರಿಗೆ ಉಪ್ಪು ಸಾಕೇ ಎಂದು ಕೇಳುತ್ತಾರೆ. ಕತ್ತಿನೊಳಗೆ ಕಬ್ಬಿಣದ ಬಲೆ ಇಡುವುದಕ್ಕೆ ಮಾತ್ರ ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಹೇಳುತ್ತಾರೆ. ಮನೆಗೆ ಬಂದವಳೇ ಮಗಳಿಗೆ ಫೋನ್ ಮಾಡಿದೆ. ಮುಂದಿನ ಸಲ ಪವಿತ್ರ ರಜೆ ಹಾಕಿ ಬಂದಳು, ಬಾಗಿಲಲ್ಲಿ ಯಾರನ್ನೂ ಕೇಳದೆ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರಿಸಿದಳು.

"ಸಾರ್, ಇವರಿಗೇ ಹೇಳಿ. ಇವರದೇ ಕತ್ತು."

ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಕೋಪ ಮಾಡಿಕೊಳ್ಳಲಿಲ್ಲ. "ಹೇಳಬೇಡಿ, ಹೆದರ್ತಾರೆ ಅಂತ ಮನೆಯವರೇ ಕೇಳಿಕೊಂಡರಮ್ಮಾ" ಎಂದರು. ನನ್ನ ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅವತ್ತು ಅವರು ಬಿಡಿಸಿ ಹೇಳಿದರು. ಕತ್ತಿನ ಎಡಗಡೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಕೊಬ್ಬು, ಸುಣ್ಣ ಕಟ್ಟಿಕೊಂಡು ದಾರದಷ್ಟು ಕಿರಿದಾಗಿದೆ. ಅಲ್ಲಿಂದ ಚೂರು ಹಾರಿ ಕಣ್ಣಿಗೆ ಹೋದಾಗ ಕಣ್ಣು ಕತ್ತಲಾಯಿತು, ಮಿದುಳಿಗೆ ಹೋದಾಗ ಬಲಗೈ ಬಿತ್ತು, ಮಾತು ಹೋಯಿತು. ಎರಡೂ ಸಲ ಚೂರು ಕರಗಿದ್ದು ಪುಣ್ಯ. ಕರಗದಿದ್ದರೆ ಸ್ಟ್ರೋಕ್. ಕಿರಿದಾದ ಜಾಗ ದವಡೆಯ ತೀರ ಮೇಲಕ್ಕಿದೆ, ಕತ್ತು ಬಿಡಿಸಿ ಕೆರೆದು ತೆಗೆಯುವ ಆಪರೇಷನ್ ಕಷ್ಟ. ತೊಡೆಯ ಸಂದಿನ ರಕ್ತನಾಳದಿಂದ ತಂತಿ ಬಿಟ್ಟು, ಬಲೂನಿನಿಂದ ಅಗಲ ಮಾಡಿ ಸ್ಟೆಂಟ್ ಎನ್ನುವ ಬಲೆಯಂಥ ಕೊಳವೆ ಇಡಬೇಕು.

"ಹಂಗ್ ಮಾಡೋವಾಗ ಚೂರು ಹಾರಲ್ವಾ ಸಾ?" ಎಂದು ಕೇಳಿದೆ.

"ಹಾರಬಹುದು. ಯಾವುದನ್ನು ತಪ್ಪಿಸೋಕೆ ಇದನ್ನ ಮಾಡ್ತೀವೋ, ಮಾಡುವಾಗ ಅದೇ ಆಗಬಹುದು. ಅದಕ್ಕೇ ಮೊದಲು ಮೇಲ್ಗಡೆ ಒಂದು ಪುಟ್ಟ ಛತ್ರಿ ಬಿಚ್ಚಿ ಇಡ್ತೀವಿ. ಚೂರು ಅದರಲ್ಲಿ ಬೀಳುತ್ತೆ, ಕೊನೆಗೆ ಮಡಚಿ ಹೊರಗೆ ತೆಗೀತೀವಿ" ಎಂದರು.

ಛತ್ರಿಗಿಂತ ನನಗೆ ನಲ್ಲಿಯ ಬಾಯಿಗೆ ಕಟ್ಟುವ ಬಟ್ಟೆ ಚೆನ್ನಾಗಿ ಅರ್ಥವಾಯಿತು. ನೀರು ಹೋಗಲಿ, ಕಸ ನಿಲ್ಲಲಿ.

"ಛತ್ರಿಗಿಂತ ಮುಖ್ಯ ಈ ಎರಡು ಮಾತ್ರೆ. ರಕ್ತ ಗಟ್ಟಿಯಾಗದ ಹಾಗೆ ನೋಡ್ಕೊಳ್ಳುತ್ತೆ. ಇದು ಮೈಯಲ್ಲಿ ಇಲ್ಲದೆ ಸ್ಟೆಂಟ್ ಇಟ್ಟರೆ ಅದರ ಮೇಲೇ ರಕ್ತ ಹೆಪ್ಪುಗಟ್ಟಿ ನೇರ ತಲೆಗೆ ಹೋಗುತ್ತೆ. ನಾನು ಹೇಳೋವರೆಗೂ ನಿಲ್ಲಿಸಬೇಡಿ."

ಹೆದರಿಕೆಯಾಯಿತು. ಆದರೆ ಬೆಂಚಿನ ಮೇಲೆ ಕೂತಾಗ ಇದ್ದ ಹೆದರಿಕೆಗಿಂತ ಇದು ಎಷ್ಟೋ ವಾಸಿ. ಅದು ಯಾವ ಕಡೆಯಿಂದ ಬರುತ್ತದೋ ತಿಳಿಯದ ಹೆದರಿಕೆ. ಇದಕ್ಕೆ ಒಂದು ಜಾಗ ಇತ್ತು, ಒಂದು ಹೆಸರು ಇತ್ತು. ಹೇಳಿದರೆ ಹೆದರುತ್ತಾರೆ ಎನ್ನುವವರು ಹೇಳದಿದ್ದರೆ ಎಷ್ಟು ಹೆದರುತ್ತಾರೆ ಎಂದು ಒಂದು ದಿನ ಆ ಬೆಂಚಿನ ಮೇಲೆ ಕೂತು ನೋಡಬೇಕು.

ಸ್ಟೆಂಟಿಗೆ ದಿನ ಕೊಟ್ಟರು. ಮನೆಗೆ ಬಂದೆವು. ಮಾತ್ರೆಗಳ ಉಸ್ತುವಾರಿ ನನ್ನ ಗಂಡನದು. ಬೆಳಿಗ್ಗೆ ಕಾಫಿಯ ಜೊತೆ ಅಂಗೈಯಲ್ಲಿಟ್ಟು ಕೊಡುತ್ತಿದ್ದರು. ನನಗೂ ಅದು ಹಿತವಾಗಿತ್ತು. ಇಷ್ಟು ವರ್ಷದಲ್ಲಿ ಅವರು ನನಗೆ ಏನನ್ನಾದರೂ ಅಂಗೈಗೆ ಕೊಟ್ಟದ್ದು ಅದೇ ಮೊದಲು.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಶೆಡ್ಡಿಗೆ ಹೋಗಿ ಉಳಿಗಳನ್ನು ಒರೆಸಿಡುತ್ತಿದ್ದೆ. ಒಂದು ಉಳಿ ತೋರುಬೆರಳಿಗೆ ತಗುಲಿತು. ಗಾಯ ಸಣ್ಣದು. ರಕ್ತ ಮಾತ್ರ ನಿಲ್ಲಲೊಲ್ಲದು. ಒಂದು ಬಟ್ಟೆ ನೆನೆಯಿತು, ಇನ್ನೊಂದು ನೆನೆಯಿತು. ಮಾತ್ರೆಯ ಗುಣ ಅದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು, ಒತ್ತಿ ಹಿಡಿದು ಕೂತೆ, ಕೊನೆಗೆ ನಿಂತಿತು. ಆದರೆ ಅದೇ ಹೊತ್ತಿಗೆ ಅಣ್ಣ ಬಂದಿದ್ದ. ಅವನು ಆ ಬಟ್ಟೆಗಳನ್ನು ನೋಡಿದ.

ಅವನು ಬಂದದ್ದು ಹರಕೆಯ ವಿಷಯ ಹೇಳುವುದಕ್ಕೆ.

"ಮಾದಪ್ಪನಿಗೆ ಮುಡಿ ಹೇಳ್ಕೊಂಡಿವ್ನಿ ಕಣವ್ವ. ಪೈಪ್ ಹಾಕೋಕ್ ಮುಂಚೆ ಬೆಟ್ಟಕ್ಕೋಗಿ ಒಪ್ಸ್‌ಬಿಡನ. ಮೈಗೆ ತಂತಿ ಬೀಳೋಕ್ ಮುಂಚೆ ದೇವ್ರುದ್ದು ತೀರ್ಬೇಕು."

"ಯಾರ ಮುಡಿ?"

"ನಿಂದೇಯ."

"ನನ್ನ ತಲೆ ಮ್ಯಾಲಿನ ಕೂದ್ಲು ಹರಕೆ ಹೇಳ್ಕೊಳೋಕೆ ನನ್ನ ಕೇಳಿದ್ಯಾ ಅಣ್ಣಯ್ಯ?"

"ನಾನು ಮಾದಪ್ಪನ್ನ ಕೇಳ್ದೆ" ಎಂದ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎನ್ನುತ್ತಾರಲ್ಲ, ಹಾಗೆ. ಹರಕೆ ಅವನದು, ಕೂದಲು ನನ್ನದು. ಆದರೂ ಒಪ್ಪಿದೆ. ಮಾದಪ್ಪನ ಮೇಲೆ ನನಗೇನೂ ಸಿಟ್ಟಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಹೊಳೆ ದಾಟಿ ಆ ಬೆಟ್ಟಕ್ಕೆ ನಡೆದು ಹೋದವಳು ನಾನು. ಹೆದರಿಕೊಂಡವಳಿಗೆ ದೇವರು ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಕೂದಲು ಬೆಳೆಯುತ್ತದೆ ಎಂದುಕೊಂಡೆ.

ಎರಡು ದಿನವಾದ ಮೇಲೆ ಅಂಗೈಯಲ್ಲಿ ಮಾತ್ರೆ ಕಡಿಮೆ ಕಂಡವು.

"ಗುಲಾಬಿ ಬಣ್ಣದ್ದು ಎಲ್ಲಿ? ಆ ಬಿಳೀ ಚಿಕ್ಕದೂ ಇಲ್ಲ."

"ಡಾಕ್ಟ್ರು ಫೋನ್ ಮಾಡಿದ್ರು. ಪೈಪ್ ಹಾಕೋ ದಿನ ಹತ್ರ ಬಂತಲ್ಲ, ರಕ್ತುದ್ದು ಒಸಿ ದಿಸ ನಿಲ್ಸಿ ಅಂದ್ರು."

ನಂಬಿದೆ. ಯಾಕೆ ನಂಬಬಾರದು? ನಮ್ಮ ಬೀದಿಯಲ್ಲೇ ಒಬ್ಬರಿಗೆ ಹರ್ನಿಯಾ ಆಪರೇಷನ್ನಿಗೆ ಮುಂಚೆ ಇಂಥದೇ ಮಾತ್ರೆ ನಿಲ್ಲಿಸಿದ್ದರು. ನಾನು ಹೇಳೋವರೆಗೂ ನಿಲ್ಲಿಸಬೇಡಿ ಎಂದಿದ್ದರು ಡಾಕ್ಟರ್. ಈಗ ಅವರೇ ಹೇಳಿದ್ದಾರಂತೆ. ಹೇಳಿದವರು ನನ್ನ ಗಂಡ, ಬೀದಿಯಲ್ಲಿ ಹೋಗುವವರಲ್ಲ.

ಬೆಟ್ಟಕ್ಕೆ ಹೋಗುವ ಹಿಂದಿನ ದಿನ ದೊಡ್ಡಆಲಹಳ್ಳಿಯಲ್ಲಿ ಉಳಿದೆವು. ಪವಿತ್ರಳೂ ಬಂದಿದ್ದಳು. ಬೆಳಿಗ್ಗೆ ಬಾಡಿಗೆ ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ಅತ್ತಿಗೆ ತಟ್ಟೆಗೆ ರೊಟ್ಟಿ ಹಾಕಿ, "ಇನ್ನೊಂದ್ ಹಾಕ್ಲಾ?" ಎಂದು ಕೇಳಿದಳು. ಸಾಕು ಎನ್ನಬೇಕಿತ್ತು.

ಆ ಮಾತು ಸಿಗಲಿಲ್ಲ.

ನಾಲಿಗೆ ಇತ್ತು. ಉಸಿರು ಇತ್ತು. ಏನು ಹೇಳಬೇಕೆಂದು ತಲೆಯಲ್ಲಿ ಸ್ಪಷ್ಟವಾಗಿತ್ತು. ಅದಕ್ಕೊಂದು ಶಬ್ದ ಇದೆ ಎನ್ನುವುದೂ ಗೊತ್ತಿತ್ತು. ಆ ಶಬ್ದ ಇಡುವ ಜಾಗ ಖಾಲಿ. ಬಲಗೈಯ ರೊಟ್ಟಿ ಚೂರು ತಟ್ಟೆಗೆ ಬಿತ್ತು. ಹೋದ ಸಲ ನೀರು ತರುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ಈ ಸಲ ನೀರು ಬಂತು, ಕುಡಿಸಿದರು, ಅದು ಬಾಯಿಯ ಬಲಗಡೆಯಿಂದ ಕತ್ತಿನ ಮೇಲೆ ಇಳಿಯಿತು.

ಮನೆ ತುಂಬ ಜನ ಸೇರಿದರು. ಲಕ್ವ ಎಂದರು. ಕತ್ತಿಗೆ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಬೇಕು ಎಂದು ಯಾರೋ ಹೇಳಿದರು. ಸೊಪ್ಪಿನ ರಸ ಬಿಡುವವರು ಪಕ್ಕದ ಊರಲ್ಲೇ ಇದ್ದಾರೆ ಎಂದು ಇನ್ನೊಬ್ಬರು. ಎಣ್ಣೆ ಬಟ್ಟಲು ಬಂದೇಬಿಟ್ಟಿತು. ಮುಟ್ಟಬೇಡಿ ಎಂದು ಕೂಗಬೇಕು. ನನಗೆ ಗೊತ್ತು ಅಲ್ಲಿ ಏನಿದೆ ಎಂದು, ತಿಕ್ಕಿದರೆ ಏನು ಹಾರುತ್ತದೆ ಎಂದು. ಕೂಗಲು ಬಾಯಿಲ್ಲ. ಎಡಗೈಯನ್ನು ಕತ್ತಿಗೆ ಅಡ್ಡ ಹಿಡಿದುಕೊಂಡೆ.

ಅಣ್ಣ ಅಳುತ್ತಿದ್ದ. "ಮಾದಪ್ಪ ಪರೀಕ್ಷೆ ಮಾಡ್ತಾವ್ನೆ. ಮೊದ್ಲು ಬೆಟ್ಟಕ್ಕೋಗನ ಭಾವ, ಮುಡಿ ಒಪ್ಸಿದ್ರೆ ಸರೋಯ್ತದೆ" ಎಂದು ನನ್ನ ಗಂಡನಿಗೆ ಹೇಳುತ್ತಿದ್ದ.

"ಮಾವ, ನೀವು ಬೆಟ್ಟಕ್ಕೆ ಬಸ್ಸಲ್ಲಿ ಹೋಗಿ" ಎಂದಳು ಪವಿತ್ರ. "ಈ ಗಾಡಿ ಬೆಂಗಳೂರಿಗೆ ಹೋಯ್ತದೆ."

ಎಣ್ಣೆ ಬಟ್ಟಲು ಕಿತ್ತು ಜಗಲಿಯ ಮೇಲಿಟ್ಟು ನನ್ನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದಳು. ನನ್ನ ಗಂಡನೂ ಅಣ್ಣನೂ ತಾವಾಗಿಯೇ ಹತ್ತಿಕೊಂಡರು. ಕನಕಪುರ ದಾಟಿತು. ಕಿಟಕಿಯ ಹೊರಗೆ ಅಂಗಡಿಗಳ ಬೋರ್ಡು ಹಾಯುತ್ತಿದ್ದವು. ಅಕ್ಷರ ಕಾಣುತ್ತಿತ್ತು, ಓದಲು ಬರುತ್ತಿರಲಿಲ್ಲ. ಆ ದಾರಿಯಲ್ಲಿ ನಾನು ಸಾವಿಗೆ ಹೆದರಲಿಲ್ಲ. ಹೀಗೇ ಉಳಿದುಬಿಟ್ಟರೆ ಎಂದು ಹೆದರಿದೆ. ಇನ್ನು ಮೇಲೆ ನನ್ನ ವಿಷಯವನ್ನೆಲ್ಲ ಇವರೇ ಮಾತಾಡುತ್ತಾರೆ, ನಾನು ಮೂಲೆಯಲ್ಲಿ ಕೂತು ಬಾಯಿಯ ನೀರು ಒರೆಸಿಸಿಕೊಳ್ಳುತ್ತೇನೆ. ಕಣ್ಣಿನಿಂದ ನೀರು ಬಂತು. ಅಣ್ಣ ಅದನ್ನು ಒರೆಸಿ, "ಅಳ್ಬೇಡ ಕಣವ್ವ, ನಾವಿಲ್ವಾ" ಎಂದ. ನೀವಿರುವುದೇ ನನ್ನ ಭಯ ಎಂದು ಹೇಳಲು ಆಗ ಮಾತಿರಲಿಲ್ಲ.

ಆಸ್ಪತ್ರೆ. ಎಮರ್ಜೆನ್ಸಿ. ಎಂ.ಆರ್.ಐ. ಮಷೀನಿನ ಬಡಿತ. ಹೊರಗೆ ತರುವ ಹೊತ್ತಿಗೆ ಬೆರಳು ಸ್ವಲ್ಪ ಅಲ್ಲಾಡುತ್ತಿತ್ತು. ಪವಿತ್ರಳ ಹೆಸರು ಬಾಯಿಗೆ ಬಂತು. ಅರ್ಧ ಬಂತು. ಅವಳು ಹಣೆಗೆ ಮುತ್ತು ಕೊಟ್ಟಳು. ನಮ್ಮ ಮನೆಯಲ್ಲಿ ದೊಡ್ಡವರಾದ ಮೇಲೆ ಯಾರೂ ಹಾಗೆ ಮಾಡುವುದಿಲ್ಲ.

ಡಾಕ್ಟರ್ ಬಂದರು. ಮಿದುಳಿನಲ್ಲಿ ಒಂದು ಸಣ್ಣ ಚುಕ್ಕೆ ಬಿದ್ದಿದೆ, ಇನ್ನು ಕಾಯುವ ಹಾಗಿಲ್ಲ, ನಾಳೆ ಬೆಳಿಗ್ಗೆಯೇ ಸ್ಟೆಂಟ್ ಇಟ್ಟುಬಿಡೋಣ ಎಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ ಕೇಳಿದರು: "ಮಾತ್ರೆ ಎಲ್ಲ ಸರಿಯಾಗಿ ತಗೊಂಡಿದ್ದಾರೆ ತಾನೆ? ಒಂದು ದಿನಾನೂ ತಪ್ಪಿಲ್ಲವಲ್ಲ?"

"ಹೂಂ ಸಾ. ಎಲ್ಲ ತಗೊಂಡವ್ಳೆ."

ನಾನು ಕೇಳಿಸಿಕೊಂಡೆ.

ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. ಗುಲಾಬಿ ಮಾತ್ರೆ ಇಲ್ಲದ ಅಂಗೈಯೊಂದು ಕಣ್ಣಮುಂದೆ ಬಂತು. ಡಾಕ್ಟರ್ ಬರೆದುಕೊಳ್ಳುತ್ತಿದ್ದರು. ಮಾತು ಹುಡುಕಿದೆ. ಅಷ್ಟು ಹೊತ್ತೂ ನನಗೆ ಸಿಗದಿದ್ದ ಮಾತುಗಳಲ್ಲಿ ತೀರ ಚಿಕ್ಕದೊಂದು ಸಿಕ್ಕಿತು.

"ಇಲ್ಲ."

ಎಲ್ಲರೂ ತಿರುಗಿದರು.

"ಇಲ್ಲ ಸಾ. ನೀವು... ಫೋನು. ನಿಲ್ಸಿ ಅಂದ್ರಿ."

"ನಾನಾ?" ಎಂದರು ಡಾಕ್ಟರ್. "ನಾನು ಯಾರಿಗೂ ಫೋನ್ ಮಾಡಿಲ್ಲವಲ್ಲಮ್ಮಾ."

ನನ್ನ ಗಂಡ ಅಣ್ಣನನ್ನು ನೋಡಿದರು. ಅಣ್ಣ ನೆಲ ನೋಡಿದ. ಪವಿತ್ರ ಇಬ್ಬರನ್ನೂ ನೋಡಿದಳು. "ಅಪ್ಪಾ, ಏನ್ ಮಾಡಿದ್ರಿ?" ಎಂದು ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಕೇಳಿದರೆ ನನಗೇ ಹೆದರಿಕೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎಲ್ಲ ಹೊರಗೆ ಬಂತು. ಮುಡಿ ತೆಗೆಯುವಾಗ ಕತ್ತಿ ತಾಗಿ ರಕ್ತ ಬಿದ್ದರೆ ಹರಕೆ ಸಲ್ಲುವುದಿಲ್ಲ ಎಂದು ಅಣ್ಣನ ನಂಬಿಕೆ. ಬೆರಳಿನ ಗಾಯದ ರಕ್ತ ನೋಡಿದ್ದನಲ್ಲ, ತಲೆಗೆ ಕತ್ತಿ ತಾಗಿದರೆ ಇವಳ ರಕ್ತ ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿದ. ಮುಡಿ ಆಗುವವರೆಗೆ ಆ ಎರಡು ಮಾತ್ರೆ ಬೇಡ ಎಂದು ಭಾವನಿಗೆ ಹೇಳಿದ. ನಂಜಿಗೆ ಹೇಳಿದರೆ ಕೂಗಾಡುತ್ತಾಳೆ, ಡಾಕ್ಟರ್ ಹೇಳಿದರು ಅನ್ನು ಎಂದೂ ಅವನೇ ಹೇಳಿಕೊಟ್ಟ. ನನ್ನ ಗಂಡ ಹೂಂ ಎಂದರು. ಡಾಕ್ಟರ್ ಬೈಯುತ್ತಾರೆ ಎಂದು ಹೆದರಿ ಈಗಲೂ ಹೂಂ ಎಂದರು.

ಡಾಕ್ಟರ್ ಪೆನ್ನು ಮುಚ್ಚಿದರು. ನಾಳೆ ಸ್ಟೆಂಟ್ ಇಲ್ಲ ಎಂದರು. ಅಲ್ಲೇ ನಿಂತು ನರ್ಸಿಗೆ ಹೇಳಿ ಹೆಚ್ಚಿನ ಡೋಸ್ ಮಾತ್ರೆ ನುಂಗಿಸಿದರು. ಅದು ಮೈಗೆ ಹತ್ತುವವರೆಗೆ ವಾರ್ಡಿನಲ್ಲೇ ಇಟ್ಟುಕೊಳ್ಳುತ್ತೇವೆ ಎಂದರು. ಹೋಗುವಾಗ ನನ್ನ ಗಂಡನ ಹತ್ತಿರ ನಿಂತು, ದನಿ ಏರಿಸದೆ, "ಇವರು ಈಗ ಬಾಯಿ ಬಿಡದಿದ್ದರೆ ನಾಳೆ ನನ್ನ ಕೈಯಿಂದಲೇ ಸ್ಟ್ರೋಕ್ ಆಗಿರೋದು" ಎಂದರು.

ವಾರ್ಡಿನ ಆ ದಿನಗಳಲ್ಲಿ ನನಗೆ ಒಂದೊಂದೇ ಮಾತು ವಾಪಸ್ ಬರುತ್ತಿತ್ತು. ಬಂದ ಮಾತನ್ನೆಲ್ಲ ಬೈಯುವುದಕ್ಕೇ ಖರ್ಚು ಮಾಡಿದೆ. ಗಂಡ ಮಂಚದ ಪಕ್ಕ ಕೂತು, "ನಿನ್ ಒಳ್ಳೇದಕ್ಕೆ ಅಂತವ ಮಾಡ್ದೊ ಕಣಮ್ಮಿ" ಎಂದರು.

"ನನ್ ಒಳ್ಳೇದು ಯಾವ್ದು ಅಂತ ನನ್ನ ಕೇಳೋಕೆ ನಿಮ್ಮ ಬಾಯಿಗೇನು ಲಕ್ವ ಹೊಡ್ದಿತ್ತಾ?"

ಇಡೀ ವಾಕ್ಯ ಎಲ್ಲೂ ತಡವರಿಸದೆ ಬಂತು. ಪಕ್ಕದ ಮಂಚದ ಅಜ್ಜಿ ಚಪ್ಪಾಳೆ ತಟ್ಟಿದಳು.

ಒಳ್ಳೆಯದಕ್ಕೆ ಎನ್ನುವ ಮಾತಿನ ಮೇಲೆ ನನಗೆ ಈಗಲೂ ಕೋಪವಿದೆ. ನನ್ನ ಅಣ್ಣ ಕೆಟ್ಟವನಲ್ಲ. ನನ್ನ ಗಂಡ ಕುಡಿಯುವವರಲ್ಲ, ಹೊಡೆಯುವವರಲ್ಲ. ಇಬ್ಬರೂ ನನಗಾಗಿ ಅತ್ತಿದ್ದಾರೆ. ಆದರೆ ಅವರ ಪ್ರೀತಿಯೊಳಗೆ ನಾನೆನ್ನುವವಳಿಗೆ ಜಾಗವೇ ಇರಲಿಲ್ಲ. ಕತ್ತು ಇತ್ತು, ಕೂದಲು ಇತ್ತು, ರಕ್ತ ಇತ್ತು. ಅವೆಲ್ಲದರ ಮಧ್ಯೆ ಒಬ್ಬಳು ಕೂತಿದ್ದಾಳೆ, ಅವಳಿಗೆ ಅರ್ಥವಾಗುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಕೆಟ್ಟವರು ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಒಳ್ಳೆಯವರು ಮಾಡಿದ್ದನ್ನು ಎಲ್ಲಿಗೆ ಒಯ್ದು ಹಾಕುವುದು?

ಸ್ಟೆಂಟಿನ ದಿನ ಬಂತು. ಬೆಳಿಗ್ಗೆ ನರ್ಸ್ ಮಾತ್ರೆ ತಂದಾಗ ಒಂದೊಂದನ್ನೂ ಹೆಸರು ಕೇಳಿಯೇ ನುಂಗಿದೆ. ಕ್ಯಾಥ್ ಲ್ಯಾಬ್ ಎನ್ನುವ ಕೋಣೆ, ವಿಪರೀತ ತಣ್ಣಗೆ. ನನ್ನನ್ನು ಮಲಗಿಸಿ, ತೊಡೆಯ ಸಂದಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಪೂರ್ತಿ ಎಚ್ಚರ. ನಿದ್ದೆ ಮಾಡಿಸಿಬಿಟ್ಟರೆ ಸ್ಟ್ರೋಕ್ ಆಗುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲವಂತೆ. ಅದಕ್ಕೇ ನರ್ಸ್ ನನ್ನ ಬಲಗೈಗೆ ಒಂದು ಆಟದ ಸಾಮಾನು ಕೊಟ್ಟಳು. ಒತ್ತಿದರೆ ಕೀಂಯ್ ಎನ್ನುವ ಹಳದಿ ಬಾತುಕೋಳಿ. "ನಾವು ಹೇಳಿದಾಗೆಲ್ಲ ಒತ್ತಬೇಕು ಅಮ್ಮಾ. ಸದ್ದು ಬಂದ್ರೆ ಕೈ ಸರಿಯಾಗಿದೆ, ತಲೆ ಸರಿಯಾಗಿದೆ ಅಂತ ನಮಗೆ ಗೊತ್ತಾಗುತ್ತೆ."

ಪ್ಲಾಸ್ಟಿಕ್. ಚೈನಾದ್ದು.

ಇಂಥವು ಬಂದೇ ನಮ್ಮ ಬೀದಿಯಲ್ಲಿ ಎಷ್ಟೋ ಲೇತ್‌ಗಳು ನಿಂತು ಹೋದವು. ಚನ್ನಪಟ್ಟಣದವಳ ಪ್ರಾಣ ಚೈನಾ ಬಾತುಕೋಳಿಯ ಹೊಟ್ಟೆಯಲ್ಲಿ ಇಟ್ಟಿದ್ದಾರಲ್ಲ ಎಂದು ಆ ಸ್ಥಿತಿಯಲ್ಲೂ ಸಿಟ್ಟು ಬಂತು. "ಮರದ್ದು ಇರ್ಲಿಲ್ವಾ?" ಎಂದೆ. "ಮರದ್ದು ಒತ್ತೋಕಾಗಲ್ಲವಲ್ಲಮ್ಮಾ" ಎಂದಳು ಪಾಪದವಳು. ಅದೂ ಸರಿಯೇ.

ಸಿಟ್ಟಿನಲ್ಲಿ ಒತ್ತಿದೆ. ಕೀಂಯ್.

ತಂತಿ ಮೇಲೇರುವುದು ತಿಳಿಯಲಿಲ್ಲ. "ಈಗ ಛತ್ರಿ ಬಿಚ್ಚಿದ್ವಿ, ಒತ್ತಿ." ಕೀಂಯ್. "ನಿಮ್ಮ ಹೆಸರು ಹೇಳಿ." ಹೇಳಿದೆ. "ಈಗ ಬಲೂನು. ಕತ್ತಲ್ಲಿ ಬಿಗಿ ಅನ್ಸುತ್ತೆ, ಹೆದರಬೇಡಿ." ಬಿಗಿಯಾಯಿತು. ಒಮ್ಮೆಲೇ ಎದೆಯೊಳಗೆ ಖಾಲಿಯಾದ ಹಾಗಾಯಿತು. ದೀಪ ದೂರ ಸರಿಯಿತು. ಹಿಂದೆ ಯಾವುದೋ ಮಷೀನ್ ಬೇರೆ ರಾಗದಲ್ಲಿ ಕೂಗತೊಡಗಿತು. "ಕೆಮ್ಮಿ ಅಮ್ಮಾ, ಜೋರಾಗಿ ಕೆಮ್ಮಿ." ಕೆಮ್ಮಿದೆ. "ಒತ್ತಿ. ಬಾತುಕೋಳಿ ಒತ್ತಿ."

ಸದ್ದು ಬರಲಿಲ್ಲ.

ನನ್ನ ಬಲಗೈ ಎಲ್ಲಿದೆ ಎಂದು ಹುಡುಕಿದೆ. ಗಿಲಕಿ ಕಡೆದ ಕೈ, ಅರಗು ಹಚ್ಚಿದ ಕೈ, ಮಗಳಿಗೆ ತುತ್ತಿಟ್ಟ ಕೈ. ಎಲ್ಲೋ ಇರಬೇಕು. ಬಾರೇ ಎಂದು ಕರೆದೆ. ಮತ್ತೆ ಕೆಮ್ಮಿದೆ. ಎದೆ ಒಂದು ಸಲ ಗುದ್ದಿತು, ದೀಪ ಹತ್ತಿರ ಬಂತು, ಬೆರಳು ಮಡಚಿತು.

ಕೀಂಯ್.

"ಗುಡ್" ಎಂದರು ಡಾಕ್ಟರ್. ಬಲೂನು ಹಿಗ್ಗಿದಾಗ ಕತ್ತಿನ ನರ ಒತ್ತಿ ಹೃದಯ ನಿಧಾನವಾಗುವುದುಂಟು, ಹಾಗಾಗಿತ್ತು ಎಂದು ಆಮೇಲೆ ಹೇಳಿದರು. ಅದಕ್ಕೆ ಇಂಜೆಕ್ಷನ್ ಸಿದ್ಧ ಇಟ್ಟುಕೊಂಡೇ ಇದ್ದರಂತೆ. ಅದನ್ನೂ ಮೊದಲೇ ಹೇಳಬಹುದಿತ್ತು ಎಂದೆ. ಇನ್ನು ಮುಂದೆ ಹೇಳುತ್ತೇನೆ ಎಂದರು.

ಮುಗಿದ ಮೇಲೆ ಅವರು ಬಿಳಿ ಬಟ್ಟೆಯ ಮೇಲೆ ಆ ಛತ್ರಿಯನ್ನು ತಂದು ತೋರಿಸಿದರು. ನೋಡುತ್ತೇನೆ ಎಂದು ನಾನೇ ಕೇಳಿದ್ದೆ. ಉಗುರಿನಷ್ಟು ದೊಡ್ಡದು. ಒಳಗೆ ಹಳದಿ ಬಣ್ಣದ ಪುಡಿ, ರವೆಯ ಹಾಗೆ. ಬೆರಳ ತುದಿಗೆ ಮೆತ್ತುವಷ್ಟೂ ಇಲ್ಲ. ಇಷ್ಟರೊಳಗೆ ನನ್ನ ಮಾತೆಲ್ಲ ಇತ್ತು, ನನ್ನ ಬಲಗೈ ಇತ್ತು. ನೋಡುತ್ತ ಅಳು ಬಂತು. ಯಾರ ಮೇಲೂ ಸಿಟ್ಟಿಲ್ಲದ ಅಳು, ಆ ತಿಂಗಳಲ್ಲಿ ಅದೊಂದೇ.

ಮನೆಗೆ ಬಂದೆ. ಮಾತ್ರೆ ಡಬ್ಬಿ ಈಗ ನನ್ನ ತಲೆದಿಂಬಿನ ಹತ್ತಿರ ಇರುತ್ತದೆ. ನನ್ನ ಗಂಡ ಕಾಫಿ ಮಾತ್ರ ತರುತ್ತಾರೆ. ಅಣ್ಣ ಒಂದು ಸಲ ಬಂದು ಬಾಗಿಲಲ್ಲೇ ಕೂತು, "ಹರಕೆ ಹಂಗೇ ಉಳ್ಕೊಂಡದಲ್ಲ" ಎಂದ. ಹೇಳಿಕೊಂಡವರು ತೀರಿಸಲಿ ಎಂದೆ. ಹೋದ. ಸ್ವಲ್ಪ ದಿನದ ಮೇಲೆ ಬೆಟ್ಟದ ಪ್ರಸಾದ ಕಳಿಸಿದ್ದ. ತಂದವರು ಹೇಳಿದರು, ಶಿವಲಿಂಗಣ್ಣ ತನ್ನ ತಲೆಯನ್ನೇ ಬೋಳಿಸಿಕೊಂಡು ಬಂದಿದ್ದಾನೆ ಎಂದು. ಪ್ರಸಾದ ಕಣ್ಣಿಗೊತ್ತಿಕೊಂಡು ತಿಂದೆ. ಅವನಿಗೆ ಇನ್ನೂ ಫೋನ್ ಮಾಡಿಲ್ಲ. ಮಾಡುತ್ತೇನೆ. ಇವತ್ತಲ್ಲ.

ಕೈ ಚೆನ್ನಾಗಿದೆ. ಮಾತೂ ಬಂದಿದೆ, ಒಂದೊಂದು ಸಲ ಮಾತ್ರ ಯಾವುದೋ ಒಂದು ಪದ ಅಡಗಿ ಕೂರುತ್ತದೆ. ಹಾಗಾದಾಗ ನನ್ನ ಗಂಡ ಮೊದಮೊದಲು ತಾವೇ ಹೇಳಿಬಿಡುತ್ತಿದ್ದರು, ಉಪ್ಪಾ, ನೀರಾ, ಪವಿತ್ರನಾ ಎಂದು ಒಂದರ ಮೇಲೊಂದು. ಅದಕ್ಕೂ ಜಗಳವಾಗಿದೆ.

ಮೊನ್ನೆ ಚೆಕಪ್‌ಗೆ ಹೋಗಿದ್ದೆವು. ಸ್ಕ್ಯಾನ್ ನೋಡಿ ಸ್ಟೆಂಟ್ ತೆರೆದೇ ಇದೆ ಎಂದರು ಡಾಕ್ಟರ್. ಆಮೇಲೆ ಅಭ್ಯಾಸ ಬಲದಿಂದ ನನ್ನ ಗಂಡನ ಕಡೆ ತಿರುಗಿ, "ಹೇಗಿದ್ದಾರೆ? ಕೆಲಸ ಮಾಡ್ತಾರಾ?" ಎಂದು ಕೇಳಿದರು.

ಅವರು ಬಾಯಿ ತೆರೆದರು. ಮುಚ್ಚಿದರು.

"ಅವಳ್ನೇ ಕೇಳಿ ಸಾ" ಎಂದರು.

ಡಾಕ್ಟರ್ ನನ್ನ ಕಡೆ ತಿರುಗಿದರು. ಮತ್ತೆ ಲೇತ್ ಹತ್ತಿರ ಕೂರುತ್ತಿದ್ದೇನೆ, ಉಳಿ ಹಿಡಿತಕ್ಕೆ ಸಿಗುತ್ತದೆ ಎಂದೆ. "ಬಣ್ಣ ಹಾಕೋವಾಗ ಮಾತ್ರ ಸಾ, ಆ... ಅದು..." ಎಂದೆ. ಪದ ಹೋಯಿತು. ಇಷ್ಟು ವರ್ಷ ದಿನವೂ ಕೈಯಲ್ಲಿ ಹಿಡಿದದ್ದು. ಡಾಕ್ಟರ್ ಕಾದರು. ಬಾಗಿಲಿನಲ್ಲಿ ಮುಂದಿನವರು ಇಣುಕಿದರು. ನನ್ನ ಗಂಡನಿಗೆ ಆ ಪದ ಗೊತ್ತು, ಅವರ ತುಟಿಯ ಮೇಲೇ ಕೂತಿತ್ತು, ನನಗೆ ಕಾಣುತ್ತಿತ್ತು. ಅವರು ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಸುಮ್ಮನೆ ಕೂತಿದ್ದರು.

"ಅರಗು" ಎಂದೆ. "ಅರಗಿನ ಕಡ್ಡಿ ಹಿಡಿಯೋವಾಗ ಒಸಿ ನಡುಗ್ತದೆ ಸಾ. ಅಷ್ಟೇಯ."